ಕಾಳುಕಾಳು ಚಿತ್ರದ ಪರವಾಗಿ

ನಿರ್ಣಾದಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದು, ಹುಮನಾಬಾದಿನ ಡಾಕ್ಟರು ಸ್ಕ್ಯಾನ್ ಮಾಡಿಸಲು ಚೀಟಿ ಬರೆದುಕೊಟ್ಟರೆ, ಮನೆಯಲ್ಲಿ ಮೊದಲು ಏಳುವ ಮಾತು ಯಾವ ಊರಿಗೆ ಹೋಗಬೇಕೆಂಬುದು. ಬೀದರೋ, ಕಲಬುರಗಿಯೋ, ಸೊಲ್ಲಾಪುರವೋ, ಹೈದರಾಬಾದೋ? ಕೂಡಿದವರಲ್ಲಿ ಒಬ್ಬರಾದರೂ ಅಂದೇ ಅನ್ನುತ್ತಾರೆ: ‘ಇಲ್ಲಿ ಬ್ಯಾಡ್ರಿ, ಹೈದರಾಬಾದಿಗೇ ಹೋಗ್ರಿ. ಅಲ್ಲಿ ದೊಡ್ಡ ಮಷೀನ್ ಅದಾವ, ಚಿತ್ರ ಕ್ಲಿಯರ್ ಬರ್ತದ.’ ಈ ಒಂದು ಮಾತಿನ ಮೇಲೆ ಸಾಲ ಹುಟ್ಟುತ್ತದೆ, ಗಾಡಿ ಗೊತ್ತಾಗುತ್ತದೆ, ಜಹೀರಾಬಾದ್ ದಾಟಿ ಹೆದ್ದಾರಿಯುದ್ದಕ್ಕೂ ರೋಗಿಯನ್ನು ಕೂರಿಸಿಕೊಂಡು ಹೋಗುತ್ತಾರೆ. ಹೇಳುವವರು ಹಳ್ಳಿಯವರಷ್ಟೇ ಅಲ್ಲ. ಸ್ಕ್ಯಾನಿಂಗ್ ಸೆಂಟರುಗಳ ಬೋರ್ಡುಗಳು ಇದನ್ನೇ ಹೇಳುತ್ತವೆ, ಉದ್ಘಾಟನೆಗೆ ಬಂದ ಜನಪ್ರತಿನಿಧಿಗಳೂ ಇದನ್ನೇ ಹೇಳುತ್ತಾರೆ, ಓದಿದ ನಗರವಾಸಿಗಳೂ ನಂಬಿರುವುದು ಇದನ್ನೇ. ಚಿತ್ರ ಸ್ವಚ್ಛವಾದಷ್ಟೂ ರೋಗ ಚೆನ್ನಾಗಿ ತಿಳಿಯುತ್ತದೆ. ಮಷೀನು ದೊಡ್ಡದಾದಷ್ಟೂ ಚಿತ್ರ ಸ್ವಚ್ಛವಾಗುತ್ತದೆ.

ಈ ನಂಬಿಕೆ ತಪ್ಪು. ಇದರಿಂದ ಬಡವರ ದುಡ್ಡು ಹೋಗುತ್ತಿದೆ, ಮೈಗೆ ಬೇಡದ ವಿಕಿರಣ ಬೀಳುತ್ತಿದೆ, ಇಲ್ಲದ ರೋಗಕ್ಕೆ ಹೆಸರು ಸಿಗುತ್ತಿದೆ. ಆದ್ದರಿಂದ ಇದನ್ನು ಸುಮ್ಮನೆ ಬಿಡುವಂತಿಲ್ಲ.

ಎಕ್ಸ್‌ರೇ ಆಗಲಿ ಸಿಟಿ ಆಗಲಿ, ಅದು ಮಾಡುವುದು ಎಣಿಕೆಯನ್ನು. ಮೈಯನ್ನು ಹಾಯ್ದು ಆಚೆ ಬಂದ ಫೋಟಾನುಗಳನ್ನು, ಅಂದರೆ ಎಕ್ಸ್‌ರೇ ಕಿರಣದ ಕಣಗಳನ್ನು, ಡಿಟೆಕ್ಟರು ಚುಕ್ಕಿ ಚುಕ್ಕಿಯಾಗಿ ಎಣಿಸುತ್ತದೆ. ಅಂಗಳಕ್ಕೆ ಹಾಸಿದ ಶಹಾಬಾದ್ ಪರಸಿಗಳ ಮೇಲೆ ಮಳೆ ಶುರುವಾಗುವುದನ್ನು ಕಂಡವರಿಗೆ ಇದು ಗೊತ್ತು: ಕಲ್ಲುಗಳ ಅಳತೆ ಒಂದೇ, ಮಳೆಯೂ ಒಂದೇ, ಆದರೂ ಒಂದರ ಮೇಲೆ 8 ಹನಿ ಬಿದ್ದರೆ ಪಕ್ಕದ್ದರ ಮೇಲೆ 13. ಈ ಏರುಪೇರೇ ಗದ್ದಲ, ಚಿತ್ರದಲ್ಲಿ ಕಾಣುವ ಕಾಳುಕಾಳು. ಸರಾಸರಿ 100 ಫೋಟಾನು ಬೀಳುವಲ್ಲಿ ಏರುಪೇರು ಸುಮಾರು 10. 10,000 ಬೀಳುವಲ್ಲಿ ಸುಮಾರು 100. ಅಂದರೆ ಮೊದಲನೆಯದರಲ್ಲಿ ನೂರಕ್ಕೆ 10ರಷ್ಟು ಗದ್ದಲ, ಎರಡನೆಯದರಲ್ಲಿ ನೂರಕ್ಕೆ 1. ಯಾವ ಕಂಪನಿಯ ಯಾವ ಮಷೀನೂ ಈ ವರ್ಗಮೂಲದ ಲೆಕ್ಕವನ್ನು ತಪ್ಪಿಸಲಾರದು. ಗದ್ದಲದ ಪಾಲು ಅರ್ಧಕ್ಕೆ ಇಳಿಯಬೇಕಾದರೆ ಫೋಟಾನುಗಳು 4 ಪಟ್ಟು ಬೇಕು. ಆ 4 ಪಟ್ಟೂ ಹಾಯುವುದು ರೋಗಿಯ ಮೈಯೊಳಗಿಂದಲೇ.

ಫಿಲಂ ಕಾಲದಲ್ಲಿ ಇದಕ್ಕೊಂದು ಲಗಾಮಿತ್ತು. ವಿಕಿರಣ ಹೆಚ್ಚಾದರೆ ಫಿಲಂ ಕಪ್ಪಾಗಿ ಕೆಡುತ್ತಿತ್ತು, ಎಕ್ಸ್‌ರೇ ತೆಗೆದವನಿಗೆ ತಪ್ಪು ತಕ್ಷಣ ಗೊತ್ತಾಗುತ್ತಿತ್ತು. ಡಿಜಿಟಲ್ ಎಕ್ಸ್‌ರೇ ಬಂದ ಮೇಲೆ ಆ ಲಗಾಮು ಹರಿಯಿತು. ಈಗ ವಿಕಿರಣ ಎರಡು ಪಟ್ಟಾದರೂ ಕಂಪ್ಯೂಟರು ಚಿತ್ರವನ್ನು ಹದಕ್ಕೆ ತಂದು ತೋರಿಸುತ್ತದೆ, ಮೇಲಾಗಿ ಅದು ಇನ್ನಷ್ಟು ನುಣುಪಾಗಿ ಕಾಣುತ್ತದೆ. ಕಡಿಮೆ ವಿಕಿರಣ ಬಳಸಿ ಚಿತ್ರ ಕಾಳುಕಾಳಾಗಿ ಬಂದರೆ ರೇಡಿಯಾಲಜಿಸ್ಟ್ ಬೈಯುತ್ತಾರೆ. ಹೆಚ್ಚು ಬಳಸಿದರೆ ಯಾರೂ ಬೈಯುವುದಿಲ್ಲ. ಹಾಗಾಗಿ ವರ್ಷದಿಂದ ವರ್ಷಕ್ಕೆ ಡೋಸು ತಾನಾಗಿ ಮೇಲೇರುತ್ತದೆ. ಜಗತ್ತಿನಾದ್ಯಂತ ಕಂಡ ಪ್ರವೃತ್ತಿ ಇದು, ನಮ್ಮ ಊರಿನವರ ಮೇಲಷ್ಟೇ ಹೊರಿಸಬೇಕಾದ ದೂರಲ್ಲ. ಇದನ್ನು ಹಿಡಿಯಲೆಂದೇ 2008ರಲ್ಲಿ ಎಕ್ಸ್‌ಪೋಷರ್ ಇಂಡೆಕ್ಸ್ ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಅದರ ಜೊತೆಗೆ ಬರುವ ಡೀವಿಯೇಷನ್ ಇಂಡೆಕ್ಸ್ 0 ಇದ್ದರೆ ಡೋಸು ಗುರಿಗೆ ಸರಿ, +3 ಇದ್ದರೆ ಎರಡು ಪಟ್ಟು, -3 ಇದ್ದರೆ ಅರ್ಧ. ಈ ಮಾನದಂಡ ಪಾಲಿಸುವ ಮಷೀನಿನ ಪರದೆಯ ಮೂಲೆಯಲ್ಲಿ ಆ ಸಂಖ್ಯೆ ಇರುತ್ತದೆ. ಅದನ್ನು ಓದಲು ಇಂಜಿನಿಯರಿಂಗ್ ಓದಬೇಕಿಲ್ಲ. ಓದುವ ರೂಢಿ ಇರಬೇಕು, ಕೇಳುವವರಿರಬೇಕು. ನಾವು ಕೇಳುವುದು ಮಾತ್ರ ‘ಕ್ಲಿಯರ್ ಬಂದದೇನ್ರಿ?’ ಎಂದು.

ಕಿಡ್ನಿಯ ಹರಳನ್ನೇ ತೆಗೆದುಕೊಳ್ಳಿ. ನಮ್ಮದು ಬಿಸಿಲ ನಾಡು. ಹೊಲದಲ್ಲಿ ದಿನವಿಡೀ ಬೆವರು ಸುರಿಸಿ ನೀರು ಕಡಿಮೆ ಕುಡಿಯುವವರಿಗೆ ಹರಳಿನ ಕಾಟ ಹೆಚ್ಚು, ಒಮ್ಮೆ ಬಂದವರಿಗೆ ಮತ್ತೆ ಬರುವುದೂ ಹೆಚ್ಚು. ಸಿಟಿ ಸ್ಕ್ಯಾನಿನಲ್ಲಿ ಪ್ರತಿ ಚುಕ್ಕಿಗೂ ಒಂದು ಸಂಖ್ಯೆಯುಂಟು: ನೀರು 0, ಗಾಳಿ -1000. ಕಿಡ್ನಿಯ ಮಾಂಸ 30ರ ಆಸುಪಾಸು, ಹರಳು ನೂರಾರು, ಕೆಲವೊಮ್ಮೆ 1000 ದಾಟುತ್ತದೆ. ಚಿತ್ರದಲ್ಲಿ ಪ್ರತಿ ಚುಕ್ಕಿಗೆ 25ರಷ್ಟು ಗದ್ದಲವಿದೆ ಎಂದಿಟ್ಟುಕೊಳ್ಳೋಣ. ಮಾಂಸಕ್ಕಿಂತ 500 ಹೆಚ್ಚಿರುವ ಹರಳು ಆ ಗದ್ದಲದ 20 ಪಟ್ಟು ಎತ್ತರಕ್ಕೆ ನಿಂತಿರುತ್ತದೆ. ಕಾಳುಕಾಳು ಚಿತ್ರದಲ್ಲೂ ಅದು ಕಣ್ಣಿಗೆ ಹೊಡೆಯುತ್ತದೆ. ಅದೇ ಗದ್ದಲದಲ್ಲಿ ಲಿವರಿನ ಗಡ್ಡೆಯೊಂದನ್ನು ಹುಡುಕಿ. ಸುತ್ತಲಿನ ಮಾಂಸಕ್ಕೂ ಅದಕ್ಕೂ ಅಂತರ 15 ಇರಬಹುದು, ಅಂದರೆ ಗದ್ದಲಕ್ಕಿಂತ ಕಡಿಮೆ. ಗಡ್ಡೆ ದೊಡ್ಡದಿದ್ದರೆ ಕಣ್ಣು ಹತ್ತಾರು ಚುಕ್ಕಿಗಳನ್ನು ಕೂಡಿಸಿ ಗುರುತಿಸೀತು, ಸಣ್ಣದಿದ್ದರೆ ತಪ್ಪಿಹೋಗುತ್ತದೆ. ಮಷೀನು ಒಂದೇ, ಗದ್ದಲ ಒಂದೇ. ಒಂದು ಪ್ರಶ್ನೆಗೆ ಆ ಚಿತ್ರ ಬೇಕಾದ್ದಕ್ಕಿಂತ ಹೆಚ್ಚೇ ಒಳ್ಳೆಯದು, ಇನ್ನೊಂದಕ್ಕೆ ಸಾಲದು.

ಹೊಟ್ಟೆಯ ಸಾಮಾನ್ಯ ಸಿಟಿಯಲ್ಲಿ ಮೈಗೆ ಬೀಳುವ ಡೋಸು 8ರಿಂದ 10 ಮಿಲಿಸೀವರ್ಟ್. ಮನುಷ್ಯನಿಗೆ ನೆಲ, ಗಾಳಿ, ಆಕಾಶದಿಂದ ವರ್ಷವಿಡೀ ಬೀಳುವ ಸಹಜ ವಿಕಿರಣದ ಜಾಗತಿಕ ಸರಾಸರಿ 2.4. ಹರಳಿಗೆಂದೇ ಹೊಂದಿಸಿದ ಕಡಿಮೆ ಡೋಸಿನ ಸಿಟಿ 3 ಮಿಲಿಸೀವರ್ಟ್ ಒಳಗೇ ಮುಗಿಯುತ್ತದೆ, ಬಹುಪಾಲು ಹರಳುಗಳನ್ನು ಹಿಡಿಯುತ್ತದೆ. ತೀರಾ ಸಣ್ಣ ಹರಳು ತಪ್ಪಬಹುದು, ಬಹಳ ದಪ್ಪ ಮೈಯವರಿಗೆ ಅದು ಹೊಂದದು. ಅಂಥವರಿಗೆ ಬೇರೆ ಲೆಕ್ಕ. ಆದರೆ ಮೂವತ್ತರ ಕೂಲಿಕಾರನಿಗೆ, ಬಸವಕಲ್ಯಾಣದಲ್ಲಿ ಒಮ್ಮೆ, ಸೊಲ್ಲಾಪುರದಲ್ಲಿ ಮತ್ತೊಮ್ಮೆ, ಮುಂದಿನ ಬೇಸಿಗೆಯಲ್ಲಿ ಇನ್ನೊಮ್ಮೆ, ಪ್ರತಿ ಸಲವೂ ಪೂರ್ತಿ ಡೋಸಿನ ‘ಕ್ಲಿಯರ್’ ಚಿತ್ರ ಯಾಕೆ? ಹರಳು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂಬ ಎರಡೇ ಪ್ರಶ್ನೆಗೆ ಕಾಳುಕಾಳು ಚಿತ್ರ ಸಾಕಿರುವಾಗ, ನುಣುಪಿಗಾಗಿ ಅವನ ಮೈಗೆ ಹಾಯಿಸಿದ ಹೆಚ್ಚುವರಿ ಡೋಸು ಅನ್ಯಾಯ. ನಾನು ಬೇರೆ ಮೆದು ಪದ ಹುಡುಕುವುದಿಲ್ಲ.

ನುಣುಪಿಲ್ಲದ ಚಿತ್ರವೂ ಉತ್ತರ ಕೊಡುತ್ತದೆ ಎಂಬುದಕ್ಕೆ ಸಿಟಿಯ ಹುಟ್ಟೇ ಸಾಕ್ಷಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಸಿಟಿ ಮಷೀನು ಮೊದಲ ರೋಗಿಯ ಮೆದುಳನ್ನು ಸ್ಕ್ಯಾನ್ ಮಾಡಿತು. ಅಡ್ಡ 80 ಚುಕ್ಕಿ, ಉದ್ದ 80 ಚುಕ್ಕಿ, ಒಟ್ಟು 6,400. ಇವತ್ತು ಆ ಚಿತ್ರವನ್ನು ನಮ್ಮ ಯಾವುದೇ ಸೆಂಟರಿನಲ್ಲಿ ಕೊಟ್ಟರೆ ರೋಗಿಯ ಕಡೆಯವರು ಜಗಳ ತೆಗೆದಾರು. ಆದರೆ ಆ ಒರಟು ಚಿತ್ರದಲ್ಲಿ ಮೆದುಳಿನ ಮುಂಭಾಗದ ಗಡ್ಡೆ ಕಂಡಿತು, ಅಲ್ಲಿಂದ ವೈದ್ಯಕೀಯದ ದಾರಿಯೇ ಬದಲಾಯಿತು. ಕಂಡದ್ದು ಚುಕ್ಕಿಗಳು ಹೆಚ್ಚಿದ್ದರಿಂದಲ್ಲ. ಪ್ರತಿ ಹೋಳಿಗೂ (ಸ್ಲೈಸಿಗೂ) ನಾಲ್ಕೈದು ನಿಮಿಷ ತಾಳ್ಮೆಯಿಂದ ಎಣಿಸಿದ್ದರಿಂದ, ಗಡ್ಡೆಗೂ ಸುತ್ತಲಿನ ಮೆದುಳಿಗೂ ಇದ್ದ ಸಣ್ಣ ಅಂತರ ಗದ್ದಲದ ಮೇಲೆ ಎದ್ದು ಬಂತು. ಅದಕ್ಕೂ ಮೊದಲೇ, 1948ರಲ್ಲಿ, ಟಿವಿ ಕ್ಯಾಮೆರಾಗಳ ಮೇಲೆ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ರೋಸ್ ಲೆಕ್ಕ ಹಾಕಿ ತೋರಿಸಿದ್ದರು: ಒಂದು ಗುರುತು ಗದ್ದಲದ ಸುಮಾರು 5 ಪಟ್ಟು ಇದ್ದರೆ ಮನುಷ್ಯನ ಕಣ್ಣು ಅದನ್ನು ಖಚಿತವಾಗಿ ಹಿಡಿಯುತ್ತದೆ. ಅಷ್ಟು ಸಿಕ್ಕ ಮೇಲೆ ಹರಳು ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವಾಯಿತು. ಇನ್ನಷ್ಟು ನುಣುಪು ಮಾಡಿದರೆ ನೋಡಲು ಚೆಂದ, ಉತ್ತರ ಬದಲಾಗದು.

ಎಂಆರ್‌ಐಯಲ್ಲಿ ವಿಕಿರಣವಿಲ್ಲ, ಹಾಗಾದರೆ ದೊಡ್ಡದೇ ಒಳ್ಳೆಯದಲ್ಲವೇ ಎನ್ನುವವರಿದ್ದಾರೆ. ‘1.5 ಟೆಸ್ಲಾ ಹಳೇದು, 3 ಟೆಸ್ಲಾದಲ್ಲೇ ಮಾಡಿಸಿ’ ಎಂಬುದು ಈಗ ಮಂತ್ರವಾಗಿದೆ. ಅಯಸ್ಕಾಂತದ ಬಲ ಇಮ್ಮಡಿಯಾದರೆ ಗದ್ದಲದೆದುರು ಸಿಗ್ನಲ್ಲಿನ, ಅಂದರೆ ಬೇಕಾದ ಮಾಹಿತಿಯ, ಪಾಲೂ ಇಮ್ಮಡಿಯ ಕಡೆಗೆ ಏರುತ್ತದೆ ಎಂಬುದು ನಿಜ, ಆದರೆ ಪೂರ್ತಿ ಇಮ್ಮಡಿ ಸಿಗುವುದು ಅಪರೂಪ. ಅದರ ಜೊತೆಗೆ ಮೈಗೆ ಹತ್ತುವ ರೇಡಿಯೋ ಶಾಖ 4 ಪಟ್ಟಾಗುತ್ತದೆ, ಬೆನ್ನಿನಲ್ಲಿ ಸ್ಕ್ರೂ, ಮಂಡಿಯಲ್ಲಿ ಲೋಹದ ಕೀಲು ಇದ್ದವರಿಗೆ ಅದರ ಸುತ್ತಲಿನ ಚಿತ್ರ ಇನ್ನಷ್ಟು ಸೊಟ್ಟಗಾಗುತ್ತದೆ. ಅಂಥವರಿಗೆ 1.5 ಟೆಸ್ಲಾವೇ ಮೇಲು. ಮೂರ್ಛೆರೋಗದ ಮೂಲ ಹುಡುಕುವಂಥ ಕಡೆ 3 ಟೆಸ್ಲಾ ನಿಜವಾಗಿ ನೆರವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೋರ್ಡಿನ ಮೇಲಿನ ಟೆಸ್ಲಾಗಿಂತ, ಮಂಡಿಗೆ ಸಿಗ್ನಲ್ ಹಿಡಿಯುವ ಮಂಡಿಯ ಕಾಯಿಲನ್ನೇ ತೊಡಿಸಿದ್ದಾರೋ, ಅದು ಚರ್ಮಕ್ಕೆ ಹತ್ತಿರ ಕೂತಿದೆಯೋ ಎಂಬುದು ಚಿತ್ರವನ್ನು ಎಷ್ಟೋ ಸಲ ಹೆಚ್ಚು ಬದಲಾಯಿಸುತ್ತದೆ. ಹೋಳನ್ನು 4 ಮಿಲಿಮೀಟರಿನಿಂದ 2ಕ್ಕೆ ತೆಳ್ಳಗೆ ಮಾಡಿದರೆ ಸಿಗ್ನಲ್ ಅರ್ಧವಾಗುತ್ತದೆ. ಅದನ್ನು ಮರಳಿ ಪಡೆಯಲು 4 ಪಟ್ಟು ಹೊತ್ತು ಬೇಕು, 5 ನಿಮಿಷದ ಕೆಲಸ 20 ನಿಮಿಷವಾಗುತ್ತದೆ. ಸೊಂಟ ನೋಯುವ ಮನುಷ್ಯ 20 ನಿಮಿಷ ಅಲುಗಾಡದೆ ಮಲಗುವುದು ಹೇಗೆ? ಅವನು ಅಲುಗಿದರೆ ಲೆಕ್ಕದಲ್ಲಿ ಗಳಿಸಿದ್ದೆಲ್ಲ ಹೋಯಿತು.

ಇನ್ನು ಸೊಂಟದ ಚಿತ್ರ ತುಂಬ ಚೆನ್ನಾಗಿಯೇ ಬಂತೆನ್ನಿ. ಆಗಲೂ ಅಪಾಯವಿದೆ. ಬೆನ್ನುನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ, ಎಂಬತ್ತರವರಲ್ಲಿ 84 ಮಂದಿಗೆ. ಅವರಿಗೆ ನೋವಿಲ್ಲ. ತೊಗರಿ ರಾಶಿ ಮಾಡಿ ಸೊಂಟ ಹಿಡಿದ ಹೆಣ್ಣುಮಗಳಿಗೆ, ಕೆಲವು ವಾರಗಳಲ್ಲಿ ತಾನಾಗಿ ಹೋಗಬಹುದಾದ ನೋವಿಗೆ, ‘ಡಿಸ್ಕ್ ಬಲ್ಜ್’ ಎಂದು ದಪ್ಪಕ್ಷರದ ರಿಪೋರ್ಟು ಕೈಗೆ ಬಂದರೆ ಅವಳು ತನ್ನ ಬೆನ್ನೇ ಮುರಿದಿದೆ ಎಂದು ನಂಬುತ್ತಾಳೆ. ಬಗ್ಗುವುದಕ್ಕೆ ಹೆದರುತ್ತಾಳೆ, ಆಪರೇಷನ್ನಿಗೆ ಒಪ್ಪುತ್ತಾಳೆ. ಮಷೀನಿನ ದೃಷ್ಟಿಯಲ್ಲಿ ಆ ಉಬ್ಬು ಅಪ್ಪಟ ಸಿಗ್ನಲ್. ಅವಳ ನೋವಿನ ಕಾರಣ ಹುಡುಕುವವನಿಗೆ ಅದು ಗದ್ದಲವಾಗಿರಬಹುದು. ಎಷ್ಟೇ ಟೆಸ್ಲಾ ಏರಿಸಿದರೂ ಈ ಗದ್ದಲ ಇಳಿಯದು, ಹೆಚ್ಚುತ್ತದೆ. ಅದನ್ನು ಇಳಿಸುವುದು ಬೆನ್ನನ್ನು ಮುಟ್ಟಿ, ಕಾಲೆತ್ತಿಸಿ, ಕಾಲಿನ ಜೋಮು ವಿಚಾರಿಸಿ ನೋಡುವ ಡಾಕ್ಟರು ಮಾತ್ರ.

ಈಗ ಹೊಸದೊಂದು ಭರವಸೆ ಮಾರುಕಟ್ಟೆಗೆ ಬಂದಿದೆ: ಗದ್ದಲವನ್ನು ಕೃತಕ ಬುದ್ಧಿಮತ್ತೆಯೇ ಒರೆಸಿಹಾಕುತ್ತದೆ ಎಂಬುದು. ಸ್ಕ್ಯಾನಿನ ಹೊತ್ತನ್ನು ಇಳಿಸುವುದರಲ್ಲಿ ಇದರಿಂದ ನಿಜವಾದ ಉಪಕಾರವಾಗಿದೆ. ಆದರೆ ಫೋಟಾನು ತಾರದ ಮಾಹಿತಿಯನ್ನು ಸಾಫ್ಟ್‌ವೇರು ಎಲ್ಲಿಂದ ತರುತ್ತದೆ? ಬೇರೆ ಸಾವಿರಾರು ಜನರ ಮೈಯಿಂದ ಕಲಿತ ಅಂದಾಜಿನಿಂದ. 2023ರಲ್ಲಿ ಸ್ಯಾಮ್‌ಸಂಗ್ ಫೋನಿನಿಂದ ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವೊಂದರ ಫೋಟೋ ತೆಗೆದಾಗ, ಮೂಲದಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಮೂಡಿದವು. ಚಂದ್ರನ ವಿಷಯದಲ್ಲಿ ಅದರಿಂದ ಕೆಡುಕಿಲ್ಲ, ಚಂದ್ರ ಎಲ್ಲರಿಗೂ ಒಂದೇ. ಲಿವರು ಹಾಗಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಕೂಡಿ 2020ರಲ್ಲಿ ನಡೆಸಿದ ಎಂಆರ್‌ಐ ಪುನರ್‌ರಚನೆಯ ಸ್ಪರ್ಧೆಯಲ್ಲೂ, ಕೆಲವು ಚಿತ್ರಗಳಲ್ಲಿ ರೋಗಿಯ ಮೈಯಲ್ಲಿ ಇಲ್ಲದ ರಚನೆಗಳು ಹುಟ್ಟಿಕೊಂಡಿದ್ದನ್ನು ಅವರೇ ದಾಖಲಿಸಿದರು. ಕಾಳುಕಾಳು ಚಿತ್ರ ನೋಡಿದ ಡಾಕ್ಟರಿಗೆ ‘ಇಲ್ಲಿ ನನಗೆ ಸರಿಯಾಗಿ ಕಾಣುತ್ತಿಲ್ಲ’ ಎಂದಾದರೂ ಗೊತ್ತಾಗುತ್ತದೆ. ಒರೆಸಿ ನುಣುಪಾಗಿಸಿದ ಚಿತ್ರ ಆ ಎಚ್ಚರವನ್ನೇ ಕಿತ್ತುಕೊಳ್ಳುತ್ತದೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ನಷ್ಟ.

ಹಾಗಾದರೆ ನಮ್ಮ ಕಡೆಯ ರೋಗಿಯ ಸಿಗ್ನಲ್ ನಿಜವಾಗಿ ಸೋರುವುದೆಲ್ಲಿ? ಸ್ಕ್ಯಾನ್ ಕೋಣೆಯೊಳಗೆ ನಿಂತು ನೋಡಿ. ಕನ್ನಡ ಬಿಟ್ಟು ಬೇರೆ ತಿಳಿಯದ ಮುದುಕಿಯೊಬ್ಬಳು ಸಿಟಿ ಮೇಜಿನ ಮೇಲೆ ಎರಡೂ ಕೈ ತಲೆಯ ಮೇಲೆತ್ತಿ ಮಲಗಿದ್ದಾಳೆ. ಸ್ಪೀಕರಿನಲ್ಲಿ ಉಸಿರು ಹಿಡಿಯಿರಿ ಎನ್ನಲು ‘ಸಾಂಸ್ ರೋಕೋ’ ಎಂಬ ಹಿಂದಿ ಧ್ವನಿ ಬರುತ್ತದೆ. ಏನೋ ಹೇಳುತ್ತಿದ್ದಾರೆಂದು ಅವಳು ತಲೆಯೆತ್ತುತ್ತಾಳೆ, ‘ಏನಂದ್ರೀ?’ ಎಂದು ಕೇಳುತ್ತಾಳೆ. ಅಷ್ಟರಲ್ಲಿ ಮೇಜು ಜರುಗಿ ಆಗಿರುತ್ತದೆ, ಅವಳ ಲಿವರು ಉಸಿರಿನೊಂದಿಗೆ ಮೇಲೆ ಕೆಳಗೆ ಆಡಿರುತ್ತದೆ. ಎದೆಯ ಎಕ್ಸ್‌ರೇಯಲ್ಲೂ ಇದೇ ಕತೆ: ಪೂರ್ತಿ ಉಸಿರು ಎಳೆಯದೆ ತೆಗೆದರೆ ಹೃದಯ ದೊಡ್ಡದಾದಂತೆ, ಪುಪ್ಪಸದ ಬುಡದಲ್ಲಿ ಮಂಜು ಕವಿದಂತೆ ಕಾಣುತ್ತದೆ. ಸಿಗ್ನಲ್ ಮತ್ತು ಗದ್ದಲದ ಅನುಪಾತ ಅಳೆಯುವ ಯಾವ ಸಂಖ್ಯೆಯೂ ಈ ಕೇಡನ್ನು ತೋರಿಸುವುದಿಲ್ಲ. ಅನೇಕ ಸಿಟಿ ಮಷೀನುಗಳಲ್ಲಿ ಟೆಕ್ನಿಷಿಯನ್ ತನ್ನದೇ ಧ್ವನಿಯಲ್ಲಿ ಸೂಚನೆ ಮುದ್ರಿಸಿಡುವ ಸೌಕರ್ಯವಿದೆ. ‘ಅವ್ವಾ, ಉಸುರು ಎಳ್ಕೋರಿ, ಹಂಗೇ ಹಿಡೀರಿ, ಈಗ ಬಿಡ್ರಿ’ ಎಂದು ಬೀದರ ಕನ್ನಡದಲ್ಲಿ ಒಮ್ಮೆ ಮುದ್ರಿಸಿ, ಮಲಗಿಸುವ ಮೊದಲು ಒಂದು ಸಲ ಅಭ್ಯಾಸ ಮಾಡಿಸಿದರೆ ಆಗುವ ಉಪಕಾರ ಕೋಟಿ ರೂಪಾಯಿಯ ಹೊಸ ಮಷೀನಿನಿಂದಲೂ ಆಗದು.

ಮುಂದಿನ ಸೋರಿಕೆ ಫಿಲಮ್ಮಿನದು. ಸಿಟಿ ತನ್ನ ಪ್ರತಿ ಚುಕ್ಕಿಯನ್ನು 4,096 ಮಟ್ಟಗಳಲ್ಲಿ ಹಿಡಿದಿಡುತ್ತದೆ, ಹೋಳುಗಳು ನೂರಾರು. ಮನೆಗೆ ಬರುವುದು ಅದರಲ್ಲಿ ಕೆಲವೇ ಹೋಳುಗಳನ್ನು ಅಚ್ಚು ಹಾಕಿದ ಎರಡು ಮೂರು ಫಿಲಂ. ಮಗ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಎತ್ತಿ ಹಿಡಿಯುತ್ತಾನೆ, ಸೊಸೆ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾಳೆ. ನಡುವೆ ದೀಪದ ಬಿಳಿ ಪಟ್ಟೆ, ಅಂಚಿನಲ್ಲಿ ಹೆಬ್ಬೆರಳು. 4,096 ಮಟ್ಟಗಳು 256ಕ್ಕೆ ಇಳಿದವು, ವಾಟ್ಸಾಪ್ ಅದನ್ನು ಇನ್ನಷ್ಟು ಹಿಂಡಿತು. ಹೈದರಾಬಾದಿನ ಸರ್ಜನ್ನರು ಆ ಫೋಟೋ ನೋಡಿ ‘ಸರಿ ಕಾಣ್ತಿಲ್ಲ, ಇಲ್ಲೇ ಬಂದು ಮತ್ತೆ ಮಾಡಿಸಿ’ ಎನ್ನುತ್ತಾರೆ. ಊರವರ ತೀರ್ಮಾನವೇನು? ಬೀದರಿನ ಮಷೀನೇ ಸರಿ ಇಲ್ಲ! ಮಷೀನು ತನ್ನ ಕೆಲಸ ಮಾಡಿತ್ತು. ಮೂಲ ಡೈಕಾಂ ಫೈಲುಗಳನ್ನು ಒಂದು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೊಟ್ಟಿದ್ದರೆ ಎರಡನೇ ಸ್ಕ್ಯಾನ್, ಎರಡನೇ ಡೋಸು, ಎರಡನೇ ಸಾಲ ಯಾವುದೂ ಬೇಕಿರಲಿಲ್ಲ. ಚೀಟಿಯ ಮೇಲೆ ‘ಹೊಟ್ಟೆನೋವು’ ಎಂಬ ಒಂದೇ ಪದ ಬರೆದು ಕಳಿಸುವುದೂ ಇಂಥದೇ ಸೋರಿಕೆ. ಎಡವೋ ಬಲವೋ, ಎಷ್ಟು ದಿನದಿಂದ, ಜ್ವರವಿದೆಯೋ ಎಂದು ಎರಡು ಸಾಲು ಬರೆದರೆ ಚಿತ್ರ ಓದುವವರ ಕಣ್ಣು ಸರಿಯಾದ ಕಡೆ ತಿರುಗುತ್ತದೆ.

ಕಣ್ಣಿನ ಚಿತ್ರಗಳಲ್ಲಿ ಈ ಪಾಠ ಇನ್ನೂ ಸ್ಪಷ್ಟವಾಗಿ ಸಿಕ್ಕಿದೆ. ಸಕ್ಕರೆ ಕಾಯಿಲೆಯಿಂದ ಕೆಡುವ ಅಕ್ಷಿಪಟಲವನ್ನು ಗುರುತಿಸುವ ಗೂಗಲ್‌ನ ವ್ಯವಸ್ಥೆಯನ್ನು ಥಾಯ್ಲೆಂಡಿನ ಕ್ಲಿನಿಕ್ಕುಗಳಲ್ಲಿ ಬಳಸಿ ನೋಡಿದ ವರದಿ 2020ರಲ್ಲಿ ಬಂತು. ತೆಗೆದ 1,838 ಚಿತ್ರಗಳಲ್ಲಿ ನೂರಕ್ಕೆ 21ರಷ್ಟನ್ನು ಗುಣಮಟ್ಟ ಸಾಲದೆಂದು ಯಂತ್ರ ತಿರಸ್ಕರಿಸಿತು. ದೊಡ್ಡ ಕಾರಣ, ಕೋಣೆಯಲ್ಲಿ ಸಾಕಷ್ಟು ಕತ್ತಲಿರಲಿಲ್ಲ. ಬೆಳಕಿನಲ್ಲಿ ಪಾಪೆ ಹಿಗ್ಗುವುದಿಲ್ಲ, ಹಿಗ್ಗದಿದ್ದರೆ ಒಳಗಿನಿಂದ ಬೆಳಕು ಮರಳಿ ಬಾರದು. ಅದಕ್ಕೆ ಬೇಕಿದ್ದದ್ದು ಒಂದು ದಪ್ಪ ಪರದೆ.

ನಮ್ಮಲ್ಲೇ ಇದಕ್ಕೆ ಒಳ್ಳೆಯ ಉತ್ತರವೂ ಇದೆ. ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣು ಉಳಿಸಲು ಬೆಂಗಳೂರಿನ ನಾರಾಯಣ ನೇತ್ರಾಲಯ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಕಿಡ್ರಾಪ್ ಎಂಬ ಯೋಜನೆ ಶುರುಮಾಡಿತು. ಮುಂದೆ ರಾಜ್ಯ ಸರ್ಕಾರದ ಜೊತೆಗೂಡಿ ಅದು ಉತ್ತರ ಕರ್ನಾಟಕಕ್ಕೂ ಬಂತು. ಅಲ್ಲಿ ಕ್ಯಾಮೆರಾ ಒಳ್ಳೆಯದಿತ್ತು, ಸರಿ. ಆದರೆ ಆ ಯೋಜನೆ ನಿಂತಿದ್ದು ಟೆಕ್ನಿಷಿಯನ್ನರ ಮೇಲೆ. ಕಡ್ಡಿಯಂಥ ಕೂಸಿನ ರೆಪ್ಪೆ ಅಗಲಿಸಿ, ಕಣ್ಣಿಗೆ ಲೆನ್ಸು ತಾಗಿಸಿ, ಅಂಚಿನವರೆಗಿನ ರಕ್ತನಾಳ ಸಿಗುವಂತೆ ಚಿತ್ರ ತೆಗೆಯಲು ಅವರಿಗೆ ಕಲಿಸಿದರು. ಡಾಕ್ಟರರಲ್ಲದ ಅವರಿಗೆ ಚಿತ್ರದ ಮೊದಲ ವರ್ಗೀಕರಣವನ್ನೂ ಕಲಿಸಿದರು. ಚಿತ್ರಗಳು ದೂರದ ತಜ್ಞರಿಗೆ ಹೋದವು, ಕೂಸುಗಳು ತಮ್ಮ ಊರ ಆಸ್ಪತ್ರೆಯಲ್ಲೇ ಉಳಿದವು. ಹೈದರಾಬಾದಿನ ದಾರಿ ಹಿಡಿಸುವ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಜವಾಬು ನನಗೆ ಗೊತ್ತಿಲ್ಲ.

ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ಸಿಟ್ಟೂ ಬೆರೆತಿರುತ್ತದೆ: ಹಿಂದುಳಿದ ಜಿಲ್ಲೆಗೆ ಒಳ್ಳೆಯ ಮಷೀನು ಬೇಡವೆನ್ನುತ್ತೀರಾ? ಬೆಂಗಳೂರಿನವರಿಗೆ 3 ಟೆಸ್ಲಾ, ನಮಗೆ ಕಾಳುಕಾಳೇ? ಆ ಸಿಟ್ಟು ನ್ಯಾಯವಾದದ್ದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಪ್ರಾದೇಶಿಕ ಅಸಮತೋಲನದ ಲೆಕ್ಕ ಕೊಟ್ಟಿತು, ಸಂವಿಧಾನದ 371(ಜೆ) ವಿಧಿಯೂ ಬಂತು. ಬೀದರಿನಲ್ಲಿ, ಹುಮನಾಬಾದಿನಲ್ಲಿ, ಬಸವಕಲ್ಯಾಣದಲ್ಲಿ ಒಳ್ಳೆಯ ಮಷೀನುಗಳು ಬರಲೇಬೇಕು. ಆದರೆ ಮಷೀನನ್ನಷ್ಟೇ ಕೊಟ್ಟು ರಿಬ್ಬನ್ ಕತ್ತರಿಸಿ ಹೋದರೆ ಅದು ನಮಗೆ ಮಾಡುವ ಎರಡನೇ ಅನ್ಯಾಯ. ಸಿಟಿ ಸರಿಯಿದೆಯೋ ಇಲ್ಲವೋ ನೋಡಲು ನೀರು ತುಂಬಿದ ಒಂದು ಪ್ಲಾಸ್ಟಿಕ್ ಉರುಳೆ ಸಾಕು. ಅದನ್ನು ಸ್ಕ್ಯಾನ್ ಮಾಡಿದಾಗ ನೀರಿನ ಸಂಖ್ಯೆ 0ಯ ಆಚೀಚೆ ಬರಬೇಕು, ಗದ್ದಲ ಮೊದಲ ದಿನ ಇದ್ದಷ್ಟೇ ಇರಬೇಕು. ಎರಡೂ ಸಂಖ್ಯೆಗಳನ್ನು ದಿನಾ ವಹಿಯಲ್ಲಿ ಬರೆಯಲು ಕೆಲವು ನಿಮಿಷ ಸಾಕು. ಬರೆಯುವವನಿಲ್ಲದ ಕಡೆ ಎಂಥ ಮಷೀನೂ ಕಾಲಕ್ರಮೇಣ ಸುಳ್ಳು ಹೇಳತೊಡಗುತ್ತದೆ, ಹೇಳುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ನಮ್ಮ ತಾಲ್ಲೂಕುಗಳಿಗೆ ಮುಂದೆ ಮಂಜೂರಾಗುವ ಪ್ರತಿ ಸ್ಕ್ಯಾನರಿನ ಟೆಂಡರಿನಲ್ಲಿ ಕೆಲವು ಷರತ್ತುಗಳು ಇರಬೇಕು. ನೀರಿನ ಉರುಳೆಯ ವಹಿ ಯಾರು ಬೇಕಾದರೂ ನೋಡಲು ಸಿಗಬೇಕು. ಹರಳಿಗೆ, ಮಕ್ಕಳಿಗೆ ಬೇರೆ ಬೇರೆ ಕಡಿಮೆ ಡೋಸಿನ ಕ್ರಮಗಳನ್ನು ಮೊದಲ ದಿನವೇ ಹೊಂದಿಸಿ ಕೊಡಬೇಕು, ರಿಪೋರ್ಟಿನಲ್ಲಿ ಡೋಸಿನ ಸಂಖ್ಯೆ ಅಚ್ಚಾಗಬೇಕು. ಉಸಿರಿನ ಸೂಚನೆ ಬೀದರ ಕನ್ನಡದಲ್ಲಿ, ದಖ್ಖನಿಯಲ್ಲಿ, ತೆಲುಗು ಮರಾಠಿಗಳಲ್ಲಿ ಇರಬೇಕು. ಮೂಲ ಫೈಲುಗಳು ಕೇಳದೆಯೇ ರೋಗಿಯ ಕೈಗೆ ಬರಬೇಕು. ಟೆಕ್ನಿಷಿಯನ್ನರ ತರಬೇತಿಗೆ ಮತ್ತು ಪೂರ್ಣಾವಧಿ ನೇಮಕಕ್ಕೆ ಮಷೀನಿನ ಬೆಲೆಯ ಜೊತೆಯಲ್ಲೇ ಹಣ ಕಟ್ಟಿಡಬೇಕು. ಇವು ಯಾವುವೂ ಇಲ್ಲದೆ, ಟೆಸ್ಲಾ ಎಷ್ಟು, ಸ್ಲೈಸ್ ಎಷ್ಟು ಎಂದಷ್ಟೇ ಬರೆದು ತಂದ ಟೆಂಡರನ್ನು ವಾಪಸು ಕಳಿಸುವಂತೆ ಜಿಲ್ಲೆಯ ಶಾಸಕರು ಒತ್ತಾಯಿಸಬೇಕು.